‘ಬೇಡ’ ಎನ್ನುವುದನ್ನು ಕುಣಿತದಲ್ಲಿ ಕಲಿಸುವುದು ಹೇಗೆ?

ಒಪ್ಪಿಗೆ, ಗೌರವ, ಮಿತಿ ಎಂದು ಭಾಷಣ ಮಾಡಿದರೆ 13ರಿಂದ 16ರ ವಯಸ್ಸಿನ ಮಕ್ಕಳು ತಲೆಯಾಡಿಸಿ ಮರೆತುಬಿಡುತ್ತಾರೆ. ಅದೇ ಮಕ್ಕಳನ್ನು ಜೋಡಿಯಾಗಿ ಕುಣಿಯಲು ಬಿಡಿ. ಎಳೆದಾಡುವವರು ಯಾರು, ಸುಮ್ಮನೆ ಎಳೆಸಿಕೊಳ್ಳುವವರು ಯಾರು ಎಂಬುದು ಸ್ವಲ್ಪ ಹೊತ್ತಿನಲ್ಲೇ ಅವರಿಗೇ ಗೊತ್ತಾಗುತ್ತದೆ. ಪಾಠ ಶುರುವಾಗುವುದು ಅಲ್ಲಿಂದ.

ವಾರಕ್ಕೊಂದರಂತೆ ಆರು ತರಗತಿ ಇಟ್ಟುಕೊಳ್ಳಿ, ಒಂದೊಂದೂ 45 ನಿಮಿಷ. ಮೈ ಸಡಿಲಿಸಲು 5 ನಿಮಿಷ, ಚಟುವಟಿಕೆಗೆ 25, ಕೂತು ಮಾತಾಡಲು 15. ಹೊತ್ತಾಯಿತೆಂದು ಮಾತಿನ ಸಮಯಕ್ಕೆ ಕತ್ತರಿ ಹಾಕಬೇಡಿ. ಮಾತಿಲ್ಲದಿದ್ದರೆ ಉಳಿಯುವುದು ಬರೀ ಆಟ. ಗುಂಪಿನಲ್ಲಿ 24 ಮಕ್ಕಳು ಸಾಕು. ದೊಡ್ಡವರು ಇಬ್ಬರಿರಲಿ: ಒಬ್ಬರು ನಡೆಸಲು, ಇನ್ನೊಬ್ಬರು ಮಕ್ಕಳ ಮುಖ ನೋಡಲು. ಮೊಬೈಲಿನಲ್ಲಿ ಚಿತ್ರೀಕರಣ ಬೇಡವೇ ಬೇಡ. ಕುಣಿಯಲು ಮನಸ್ಸಿಲ್ಲದ ಮಗುವಿಗೆ ತಾಳ ಹಾಕುವ ಅಥವಾ ಹಾಡು ಹಚ್ಚುವ ಕೆಲಸ ಕೊಡಿ. ‘ಬೇಡ ಅನ್ನಬಹುದು’ ಎಂದು ಕಲಿಸುತ್ತಲೇ ಒತ್ತಾಯದಿಂದ ಕುಣಿಸಿದರೆ ಮಕ್ಕಳು ಕಲಿಯುವುದು ಒತ್ತಾಯವನ್ನೇ.

ಮೊದಲ ತರಗತಿಯಲ್ಲಿ ಮುಟ್ಟುವುದು ಇರಬಾರದು. ಕನ್ನಡಿಯಾಟದಿಂದ ಶುರು ಮಾಡಿ. ಇಬ್ಬರು ಎದುರುಬದುರು ನಿಂತು, ಒಬ್ಬರು ಮಾಡಿದ್ದನ್ನು ಇನ್ನೊಬ್ಬರು ಮಾಡಬೇಕು. ಎಂಟರ ಎಣಿಕೆ ನಾಲ್ಕು ಸಲ ಮುಗಿದ ಮೇಲೆ ಅದಲು ಬದಲು. ಹಾಡು ನಿಧಾನದ್ದಿರಲಿ, ವೇಗ ಹೆಚ್ಚಾದರೆ ಮುಂದಾಳು ಹಿಂದಿನವರನ್ನು ಮರೆತು ತನ್ನ ಪಾಡಿಗೆ ಕುಣಿಯತೊಡಗುತ್ತಾರೆ. ನಂತರ ‘ನಿನಗೆ ಹಿಂದೆ ಬರಲು ಆಗುವಷ್ಟೇ ನಿಧಾನವಾಗಿ ಅವರು ನಡೆಸಿದರಾ?’ ಎಂದು ಕೇಳಿ.

ಎರಡನೆಯ ವಾರಕ್ಕೆ ಕೋಲಾಟ, ಆದರೆ ಬಡಿಯುವುದಲ್ಲ. 30 ಸೆಂಟಿಮೀಟರಿನ ನಯವಾದ, ತುದಿ ಚೂಪಿಲ್ಲದ ಕಡ್ಡಿಯನ್ನು ಇಬ್ಬರ ತೋರುಬೆರಳ ತುದಿಗಳ ನಡುವೆ ನಿಲ್ಲಿಸಿ ನಡೆಯಬೇಕು, ಬಾಗಬೇಕು, ತಿರುಗಬೇಕು. ಒಬ್ಬರು ಜೋರಾಗಿ ಒತ್ತಿದರೆ ಎದುರಿನವರ ಬೆರಳು ನೋಯುತ್ತದೆ, ಅವರು ಹಿಂದೆ ಸರಿಯುತ್ತಾರೆ. ಒಬ್ಬರು ಸಡಿಲ ಬಿಟ್ಟರೆ ಕಡ್ಡಿ ನೆಲಕ್ಕೆ. ಇಬ್ಬರೂ ಹದವಾಗಿ ಒತ್ತಿದಾಗ ಮಾತ್ರ ಅದು ನಿಲ್ಲುತ್ತದೆ. ಇಲ್ಲಿ ವಿವರಣೆ ಕೊಡಲು ಹೋಗಬೇಡಿ, ಮಕ್ಕಳೇ ಹೇಳುತ್ತಾರೆ.

ಎಲ್ಲಕ್ಕಿಂತ ಹೆಚ್ಚು ಹೊತ್ತು ಕೊಡಬೇಕಾದದ್ದು ಮೂರನೆಯ ವಾರದ ‘ನಿಲ್ಲು’ ಆಟಕ್ಕೆ. ಎರಡು ಸಾಲು, ನಡುವೆ ಆರು ಮೀಟರ್. ಒಂದು ಸಾಲಿನವರು ತಾಳಕ್ಕೆ ಹೆಜ್ಜೆ ಹಾಕುತ್ತ ಎದುರಿನವರತ್ತ ಬರುತ್ತಾರೆ. ಎದುರಿನವರು ಮೊದಲ ಸುತ್ತಿನಲ್ಲಿ ಬಾಯಿಂದ, ಎರಡನೆಯದರಲ್ಲಿ ಕೈಯಿಂದ, ಮೂರನೆಯದರಲ್ಲಿ ಬರೀ ಮುಖ, ಮೈಯಿಂದ ನಿಲ್ಲಿಸಬೇಕು. ಬರುತ್ತಿದ್ದವರು ಎತ್ತಿದ ಹೆಜ್ಜೆಯನ್ನು ಅಲ್ಲೇ ಊರಬೇಕು. ಆಮೇಲೆ ನಿಲ್ಲಿಸಿದವರ ಕೈಗೆ ಸೀಮೆಸುಣ್ಣ ಕೊಟ್ಟು ಎರಡು ಗೆರೆ ಎಳೆಯಲು ಹೇಳಿ: ‘ಸಾಕು’ ಎಂದು ಮನಸ್ಸಿಗೆ ಅನ್ನಿಸಿದ ಜಾಗಕ್ಕೊಂದು, ನಿಜಕ್ಕೂ ನಿಲ್ಲಿಸಿದ ಜಾಗಕ್ಕೊಂದು. ಅನೇಕರ ಗೆರೆಗಳ ನಡುವೆ ಒಂದೆರಡು ಹೆಜ್ಜೆಯ ಅಂತರವಿರುತ್ತದೆ. ‘ಬೇಜಾರು ಮಾಡ್ಕೊಳ್ತಾರೇನೋ ಅಂತ ಸುಮ್ಮನಿದ್ದೆ’ ಎನ್ನುವ ಮಾತು ಬರುವುದು ಆ ಅಂತರವನ್ನು ತೋರಿಸಿ ಕೇಳಿದಾಗಲೇ. ಮುಂದಿನ ವಾರವೂ ಇದೇ ಆಟ ಆಡಿಸಿ, ಗೆರೆಗಳು ಹತ್ತಿರವಾದವೇ ನೋಡಿ.

ನಾಲ್ಕು, ಐದನೆಯ ವಾರ 16 ಎಣಿಕೆಯ ಪುಟ್ಟ ಜೋಡಿ ಕುಣಿತ ಕಟ್ಟಿಸಿ. ಕೈ ಹಿಡಿಯುವ ಮುನ್ನ ಪ್ರತಿ ಸಲವೂ ಕೇಳಬೇಕು. ಬೇಡವೆಂದರೆ ಇಬ್ಬರೂ ಒಂದೇ ಬಟ್ಟೆಯ ಎರಡು ತುದಿ ಹಿಡಿಯಬಹುದು. ನಡುವೆ ಎಲ್ಲಾದರೂ ಒಬ್ಬರು ಕೈ ಬಿಡಿಸಿಕೊಳ್ಳುತ್ತಾರೆ. ಇನ್ನೊಬ್ಬರು ಎಳೆಯದೆ, ಮುನಿಸಿಕೊಳ್ಳದೆ, ಒಂದು ಹೆಜ್ಜೆ ಹಿಂದೆ ಸರಿದು ಕುಣಿತ ಮುಂದುವರಿಸಬೇಕು. ಬೇಡವೆನ್ನುವುದನ್ನಷ್ಟೇ ಅಭ್ಯಾಸ ಮಾಡಿಸಿ, ಬೇಡವೆನ್ನಿಸಿಕೊಳ್ಳುವುದನ್ನು ಬಿಟ್ಟರೆ ಅರ್ಧ ಪಾಠ ಬಿಟ್ಟಂತೆ. ಕೊನೆಯ ವಾರ ಮೊಬೈಲ್ ಪಾಸ್‌ವರ್ಡ್ ಕೇಳುವುದು, ಸ್ನೇಹಿತರನ್ನು ದೂರ ಮಾಡಿಸುವುದು ಇಂಥ ಸಂದರ್ಭಗಳನ್ನು ಚಲನೆಯಲ್ಲಿ ತೋರಿಸಿ, ಬದಲಿಸಿ ಆಡಲಿ.

ಹುಡುಗ–ಹುಡುಗಿ ಎಂದು ಜೋಡಿ ಮಾಡಿದಿರೋ, ನಗೆ, ಕೀಟಲೆ ಶುರು. ಎರಡು ಮೂರು ನಿಮಿಷಕ್ಕೊಮ್ಮೆ ಜೋಡಿ ಬದಲಿಸುತ್ತಿರಿ. ಪ್ರೀತಿ ಪ್ರೇಮ ಅಷ್ಟೇ ಅಲ್ಲ, ಸ್ನೇಹವೂ ಸಂಬಂಧವೇ. ನಕ್ಕವರನ್ನು ಗದರಬೇಡಿ, ಮುಜುಗರಕ್ಕೂ ನಗು ಬರುತ್ತದೆ.

ಆಡುತ್ತಾ ಆಡುತ್ತಾ ಯಾವುದೋ ಮಗು ಮಂಕಾಗಬಹುದು, ತನಗಾದ ಹಿಂಸೆಯನ್ನು ಹೇಳಿಕೊಳ್ಳಲೂಬಹುದು. ಇಂಥ ಸಂಗತಿಯನ್ನು ಶಾಲೆಯಲ್ಲಿ ಯಾರಿಗೆ ತಿಳಿಸಬೇಕೆಂದು ಮೊದಲ ತರಗತಿಗೂ ಮುನ್ನವೇ ಗೊತ್ತುಮಾಡಿಕೊಂಡಿರಿ. ‘ಯಾರಿಗೂ ಹೇಳಲ್ಲ’ ಎಂದು ಮಾತು ಕೊಡಬೇಡಿ, ಕೆದಕಿ ಕೆದಕಿ ಕೇಳಬೇಡಿ. ಮಗು ಹೇಳಿದ್ದನ್ನು ಅದರದೇ ಮಾತಿನಲ್ಲಿ ಬರೆದಿಟ್ಟು, ಅಂದೇ ಆ ಹೊಣೆ ಹೊತ್ತವರಿಗೆ ಮುಟ್ಟಿಸಿ.