ಮೊದಲ ಆಲ್ಬಮ್: ನಾಲ್ಕು ಗಿಟಾರ್ ಹಾಕಿ ಎರಡು ತೆಗೆದೆವು

ನಮ್ಮದು ನಾಲ್ಕು ಜನರ ಆಲ್ಟರ್ನೇಟಿವ್ ರಾಕ್ ಬ್ಯಾಂಡ್. ನಾನು ಗಿಟಾರ್ ನುಡಿಸುತ್ತೇನೆ. ರೆಕಾರ್ಡಿಂಗ್ ಕೆಲಸವೂ ನನ್ನ ತಲೆಗೇ ಬಿತ್ತು, ಯಾಕಂದ್ರೆ ಲ್ಯಾಪ್‌ಟಾಪ್ ನನ್ನದು! ಹದಿಮೂರು ಹಾಡು ಇದ್ದವು, ಕೊನೆಗೆ ಆಲ್ಬಮ್‌ನಲ್ಲಿ ಉಳಿದದ್ದು ಒಂಬತ್ತು.

ಮೊದಲು ಡ್ರಮ್ಸ್. ಎಂಟು ಮೈಕ್ ಇಟ್ಟೆವು. ಒಂದೊಂದನ್ನೇ ಕೇಳಿದರೆ ಎಲ್ಲವೂ ಚೆನ್ನಾಗಿತ್ತು, ಒಟ್ಟಿಗೆ ಹಾಕಿದರೆ ಮಾತ್ರ ಸ್ನೇರ್ (ಚುರುಕಾಗಿ ಚಟ್ ಅನ್ನುವ ಡ್ರಮ್) ರಟ್ಟಿನ ಡಬ್ಬಿ ಬಡಿದ ಹಾಗೆ ಕೇಳುತ್ತಿತ್ತು. ಎರಡು ದಿನ ಈಕ್ವಲೈಜರ್ ತಿರುಗಿಸಿದ್ದೇ ಬಂತು. ತಪ್ಪು ಇದ್ದದ್ದು ಫೇಸ್‌ನಲ್ಲಿ, ಅಂದ್ರೆ ಒಂದೇ ಸದ್ದಿನ ಅಲೆಗಳು ಬೇರೆ ಬೇರೆ ಮೈಕ್‌ನಲ್ಲಿ ಒಂದಕ್ಕೊಂದು ಹೊಂದುತ್ತಿರಲಿಲ್ಲ. ಸದ್ದು ಒಂದು ಮಿಲಿಸೆಕೆಂಡಿಗೆ ಸುಮಾರು 34 ಸೆಂಟಿಮೀಟರ್ ಹೋಗುತ್ತದೆ. ಸ್ನೇರ್ ಪಕ್ಕದ ಮೈಕ್‌ಗೆ ತಕ್ಷಣ ಮುಟ್ಟಿದ ಏಟು, ಒಂದು ಮೀಟರ್ ಮೇಲೆ ತೂಗುವ ಓವರ್‌ಹೆಡ್ ಮೈಕ್‌ಗೆ ಮೂರು ಮಿಲಿಸೆಕೆಂಡ್ ತಡವಾಗಿ ಮುಟ್ಟುತ್ತದೆ. ಒಂದರ ಅಲೆ ಏರುವಾಗ ಇನ್ನೊಂದರದ್ದು ಇಳಿಯುತ್ತಿದ್ದರೆ ಎರಡೂ ಸೇರಿ ಸದ್ದು ಸೊರಗುತ್ತದೆ. ಸ್ನೇರ್‌ನ ಕೆಳಗೆ ಇಟ್ಟ ಮೈಕ್‌ನದ್ದಂತೂ ಪೂರ್ತಿ ಉಲ್ಟಾ. ಅದರ ಪೋಲಾರಿಟಿ ತಿರುಗಿಸಿದೆ, ಅಂದ್ರೆ ಅಲೆಯನ್ನು ತಲೆಕೆಳಗು ಮಾಡಿದೆ. ಒಂದೇ ಬಟನ್, ಅಷ್ಟೇ. ಆಮೇಲೆ ದಾರ ಹಿಡಿದು ಸ್ನೇರ್ ನಡುವಿನಿಂದ ಎರಡೂ ಓವರ್‌ಹೆಡ್‌ಗೆ ಸರಿಸಮ ದೂರ ಅಳೆದು, ಎಲ್ಲ ಹಾಡಿನ ಡ್ರಮ್ಸ್ ಮತ್ತೆ ನುಡಿಸಿದೆವು. ಡ್ರಮ್ಮರ್ ಬೈದದ್ದನ್ನು ಇಲ್ಲಿ ಬರೆಯಲಾರೆ.

ಕ್ಲಿಕ್ ಟ್ರ್ಯಾಕ್ (ವೇಗ ತಪ್ಪದಿರಲಿ ಅಂತ ಕಿವಿಯಲ್ಲಿ ಹಾಕಿಕೊಳ್ಳುವ ಟಿಕ್ ಟಿಕ್ ಸದ್ದು) ಬಗ್ಗೆಯೂ ಜಗಳ ಆಯ್ತು. ಕೋರಸ್ ಬಂದಾಗ ನಾವು ಸ್ವಲ್ಪ ಓಡುವುದು ಅಭ್ಯಾಸ, ಒಂದೇ ವೇಗಕ್ಕೆ ಕಟ್ಟಿ ಹಾಕಿದರೆ ಹಾಡು ಸತ್ತ ಹಾಗಿತ್ತು. ಕೊನೆಗೆ ಕೋರಸ್‌ನಲ್ಲಿ ಕ್ಲಿಕ್ ಅನ್ನೇ ಮೂರು ಬಿಪಿಎಂ (ನಿಮಿಷಕ್ಕೆ ಮೂರು ಬಡಿತ) ಜಾಸ್ತಿ ಮಾಡಿದೆ. ಸರಿಹೋಯಿತು.

ಗಿಟಾರ್ ವಿಷಯದಲ್ಲಿ ತಪ್ಪು ಪೂರ್ತಿ ನನ್ನದೇ. ದೊಡ್ಡದಾಗಿ ಕೇಳಲಿ ಅಂತ ಒಂದೇ ರಿಫ್ ಅನ್ನು (ಮತ್ತೆ ಮತ್ತೆ ಬರುವ ಗಿಟಾರ್ ತುಣುಕು) ನಾಲ್ಕು ಸಲ ನುಡಿಸಿ, ಆಂಪ್‌ನ ಗೇನ್ (ಸದ್ದನ್ನು ಒರಟಾಗಿಸುವ ನಾಬ್) ಪೂರ್ತಿ ಏರಿಸಿದ್ದೆ. ಮಿಕ್ಸ್‌ನಲ್ಲಿ ಕೇಳಿದ್ದು ಜೇನುಗೂಡು! ಗೇನ್ ಜಾಸ್ತಿ ಆದಷ್ಟೂ ಪಿಕ್ ತಂತಿಗೆ ತಾಗುವ ಏಟು ಅದರಲ್ಲೇ ಕರಗಿಹೋಗುತ್ತದೆ, ಮೇಲಿಂದ ಮೇಲೆ ಟೇಕ್ ಪೇರಿಸಿದರೆ ಇನ್ನೂ ಮಸುಕು. ಎರಡು ತೆಗೆದುಹಾಕಿದೆ, ಗೇನ್ ಅರ್ಧಕ್ಕೆ ಇಳಿಸಿ ಎಡಕ್ಕೊಂದು ಬಲಕ್ಕೊಂದು ಬೇರೆ ಬೇರೆಯಾಗಿ ನುಡಿಸಿದೆ. ಬೇರೆಯಾಗಿ ನುಡಿಸಲೇಬೇಕು. ಒಂದೇ ಟೇಕ್ ಅನ್ನು ಕಾಪಿ ಮಾಡಿ ಎರಡು ಕಡೆ ಇಟ್ಟರೆ ಅದು ನಡುವಿನಿಂದ ಜೋರಾಗಿ ಕೇಳುತ್ತದೆ, ಅಗಲ ಆಗುವುದಿಲ್ಲ. ಚರಣಗಳಲ್ಲಿ ಒಂದೇ ಗಿಟಾರ್ ಬಿಟ್ಟಿದ್ದರಿಂದ ಕೋರಸ್‌ನಲ್ಲಿ ಎರಡನೆಯದು ಬಂದಾಗ ಎದೆಗೆ ಗುದ್ದಿದ ಹಾಗಾಗುತ್ತಿತ್ತು, ನನಗೆ ಬೇಕಾಗಿದ್ದದ್ದೂ ಅದೇ.

ಬೇಸ್ ಗಿಟಾರ್ ಸುಲಭ. ಆಂಪ್‌ನ ಮೈಕ್ ಜೊತೆ, ಗಿಟಾರ್‌ನಿಂದ ಕೇಬಲ್‌ನಲ್ಲಿ ನೇರವಾಗಿ ಬರುವ ಲೈನ್ ಕೂಡ ತೆಗೆದುಕೊಂಡೆವು. ಏಳನೇ ಹಾಡಿನ ಗಾಯನದಲ್ಲಿ ಕುರ್ಚಿ ಕಿರ್ರೆನ್ನುತ್ತದೆ. ಮತ್ತೆ ಹಾಡಿಸಿ ನೋಡಿದೆವು, ಆ ಟೇಕ್‌ನ ಹತ್ತಿರಕ್ಕೂ ಬರಲಿಲ್ಲ, ಹಾಗೇ ಬಿಟ್ಟೆವು.

ಮಾಸ್ಟರಿಂಗ್‌ನಲ್ಲಿ (ಮಿಕ್ಸ್ ಆದ ಹಾಡಿಗೆ ಕೊನೆಯ ರೂಪ ಕೊಡುವ ಹಂತ) ಎಲ್ಲರಿಗೂ ಜೋರು ಬೇಕಿತ್ತು. ಲಿಮಿಟರ್ (ಸದ್ದಿನ ಏರುಗಳನ್ನು ತಡೆದು ಒಟ್ಟು ಜೋರು ಹೆಚ್ಚಿಸುವ ಸಾಧನ) ಒತ್ತಿ ಒತ್ತಿ -7 ಎಲ್‌ಯುಎಫ್‌ಎಸ್‌ಗೆ ತಂದೆವು; ಇದು ಜೋರಿನ ಅಳತೆ, ಸೊನ್ನೆಗೆ ಹತ್ತಿರ ಆದಷ್ಟೂ ಜೋರು. ಸ್ಪಾಟಿಫೈ ಸಾಮಾನ್ಯವಾಗಿ ಹಾಡನ್ನು -14ರ ಹತ್ತಿರಕ್ಕೆ ಇಳಿಸಿಯೇ ನುಡಿಸುತ್ತದೆ, ಅಂದ್ರೆ ನಾವು ಗಳಿಸಿದ ಜೋರು ಹೋಗಿ, ಚಪ್ಪಟೆಯಾದ ಡ್ರಮ್ಸ್ ಮಾತ್ರ ಉಳಿಯುತ್ತದೆ, ಅಲ್ವಾ? ಈ ಜೋರಿನದ್ದನ್ನೂ ಅಷ್ಟು ಒತ್ತದ ಮೆತ್ತಗಿನ ಆವೃತ್ತಿಯನ್ನೂ ಒಂದೇ ಮಟ್ಟಕ್ಕೆ ಇಳಿಸಿ ಎಲ್ಲರಿಗೂ ಕೇಳಿಸಿದೆ. ಜೋರು ಬೇಕು ಅಂತ ಹಟ ಹಿಡಿದಿದ್ದ ಡ್ರಮ್ಮರ್‌ನೇ ಮೊದಲು ಕೈ ಎತ್ತಿ, ಮೆತ್ತಗಿನದ್ದು ಸಾಕು ಅಂದ.