ಟ್ಯಾಪಿಂಗಿನವರ ಜಾಡಿನಲ್ಲಿ ಒಂದು ಗುಡ್ಡೆ

ಸೋಣ ತಿಂಗಳ (ಆಗಸ್ಟ್-ಸೆಪ್ಟೆಂಬರ್) ಒಂದು ಭಾನುವಾರ, ಬೆಳಿಗ್ಗೆ ಐದೂಮುಕ್ಕಾಲು. ನಾವು ಐದು ಜನ ಅಡಿಕೆ ತೋಟದ ಮೇಲ್ತುದಿಯಲ್ಲಿ ನಿಂತಿದ್ದೆವು. ರಾತ್ರಿ ಮಳೆ ಬಂದಿರಲಿಲ್ಲ. ಮೇಲೆ ರಬ್ಬರ್ ಮರಗಳ ನಡುವೆ ಒಂದು ತಲೆದೀಪ ಅತ್ತಿಂದಿತ್ತ ಓಡಾಡುತ್ತಿತ್ತು. ಟ್ಯಾಪಿಂಗಿನವರದು, ಅಂದರೆ ಮರ ಕೊಯ್ದು ರಬ್ಬರ್ ಹಾಲು ತೆಗೆಯುವವರದು. ಆ ದೀಪದ ಹಿಂದೆ ಹೋಗುವುದೇ ನಮ್ಮ ಅವತ್ತಿನ ದಾರಿ.

ಜಾಗ ದಕ್ಷಿಣ ಕನ್ನಡದ ಸುಳ್ಯ ತಾಲೂಕಿನದು. ಸುಳ್ಯದಿಂದ ಸಂಪಾಜೆಗೆ ಹೋಗುವ ಹೆದ್ದಾರಿಯಲ್ಲಿ ಅರಂತೋಡು ಸಿಗುತ್ತದೆ. ಅಲ್ಲಿಂದ ತೊಡಿಕಾನದ ಕಡೆ ತಿರುಗಿದರೆ ಎರಡೂ ಬದಿಗೆ ಗುಡ್ಡೆಗಳು. ಕೆಳಗೆ ತಗ್ಗಿನ ಬೈಲಿನಲ್ಲಿ ಅಡಿಕೆ, ಬದಿಯಲ್ಲಿ ಕೊಕ್ಕೊ, ಹಣ್ಣಿನ ಗಿಡ, ಮೇಲಕ್ಕೆ ರಬ್ಬರ್, ಅದರ ಮೇಲೆ ಕಾಡು. ನಾವು ಹತ್ತಿದ ಗುಡ್ಡೆಯ ಹೆಸರು ಬರೆಯುವುದಿಲ್ಲ. ಅದು ಮೂರು ಮನೆಯವರ ತೋಟ. ಚಾರಣದ ಜಾಗ ಎಂದು ಸುದ್ದಿಯಾಗುವುದು ಅವರಿಗೂ ಬೇಡ, ನನಗೂ ಬೇಡ.

ಕಳೆದ ವರ್ಷ ಇದೇ ಗುಡ್ಡೆಯನ್ನು ನಾವು ತಪ್ಪಾಗಿ ಹತ್ತಿದ್ದೆವು. ಒಂಬತ್ತು ಗಂಟೆಗೆ ಹೊರಟು ಸೀದಾ ಮೇಲಕ್ಕೆ ನಡೆದೆವು. ರಬ್ಬರ್ ತೋಟ ದೂರದಿಂದ ತುಂಬಾ ಸುಲಭ ಅನಿಸುತ್ತದೆ. ಸಾಲು ಸಾಲು ಮರ, ಅಡಿಯಲ್ಲಿ ಪೊದೆ ಇಲ್ಲ. ಒಳಗೆ ಹೋದ ಮೇಲೆ ಯಾವ ಸಾಲು ನೋಡಿದರೂ ಒಂದೇ ಥರ. ಫೋನಿನ ಮ್ಯಾಪಿನಲ್ಲಿ ಬರೀ ಹಸಿರು. ಒಂದು ಕಡೆ ಎಳೆಯ ರಬ್ಬರ್ ಇತ್ತು. ಅಲ್ಲಿ ನೆಲಕ್ಕೆ ಮ್ಯುಕುನಾ ಬಳ್ಳಿ ಹಬ್ಬಿಸಿದ್ದರು. ಕಳೆ ಬರಬಾರದು, ಮಣ್ಣು ಕೊಚ್ಚಿ ಹೋಗಬಾರದು, ಸಾರಜನಕವೂ ಸಿಗಲಿ ಎಂದು ಹಾಕುವ ಬಳ್ಳಿ ಅದು. ಮಂಡಿ ಎತ್ತರಕ್ಕೆ ಹಾಸಿಗೆಯ ಹಾಗೆ ಬೆಳೆದಿತ್ತು. ಅದರಡಿಯಲ್ಲಿ ಇಂಗುಗುಂಡಿ ಇರುವುದು ನಮಗೆ ಗೊತ್ತಿರಲಿಲ್ಲ. ಗೆಳೆಯನ ಕಾಲು ಗುಂಡಿಗೆ ಇಳಿಯಿತು, ಪಾದ ತಿರುಚಿತು. ಅವನನ್ನು ಹೆಗಲು ಕೊಟ್ಟು ಇಳಿಸಲು ಎರಡು ಗಂಟೆ ಬೇಕಾಯಿತು.

ಆಗ ಕೆಳಗಿನ ಮನೆಯ ಅಣ್ಣ ಹೇಳಿದ ಮಾತು ಇದು: "ನೀವು ಕೇಳಿದ್ದರೆ ದಾರಿ ಹೇಳ್ತಿದ್ದೆ ಅಲ್ವಾ ಮಾರಾಯ್ರೆ. ಟ್ಯಾಪಿಂಗಿನವರು ನಡೆಯುವ ದಾರಿ ಉಂಟು."

ಈ ಸಲ ಎಲ್ಲವನ್ನೂ ಆ ಮಾತಿನಿಂದಲೇ ಶುರು ಮಾಡಿದೆ. ಒಂದು ವಾರ ಮೊದಲು ನಾನೊಬ್ಬನೇ ಹೋಗಿ ಮೂರು ಮನೆಯಲ್ಲೂ ಕೂತು ಮಾತಾಡಿದೆ. ಎಲ್ಲ ಕಡೆ ಮೊದಲು ಬೆಲ್ಲ ನೀರು, ಆಮೇಲೆ ಮಾತು. ಯಾವ ದಿನ ತೋಟಕ್ಕೆ ಮದ್ದು ಸಿಂಪಡಿಸುತ್ತಾರೆ, ನಾಯಿ ಕಟ್ಟಿರುತ್ತಾರಾ, ಪ್ರಾಣಿ ಬಾರದಂತೆ ಹಾಕುವ ಐಬೆಕ್ಸ್ ತಂತಿ ಬೇಲಿಗೆ ಎಲ್ಲಿ ಕರೆಂಟ್ ಇದೆ, ಇತ್ತೀಚೆಗೆ ಆನೆ ಇಳಿದಿದೆಯಾ ಎಂದು ಕೇಳಿದೆ. ಹಿಂದಿನ ರಾತ್ರಿ ಮತ್ತೆ ಫೋನ್ ಮಾಡಿದೆ. ಆನೆಯ ವಿಷಯ ಮಾತ್ರ ಹಳೆಯ ಸುದ್ದಿ ನಂಬಿ ಹೋಗುವಂಥದ್ದಲ್ಲ. ಹೆಜ್ಜೆ ಕಂಡಿದೆ ಅಂದರೆ ಅವತ್ತು ಹೋಗುವುದಿಲ್ಲ ಎಂದು ಗೆಳೆಯರಿಗೆ ಮೊದಲೇ ಹೇಳಿದ್ದೆ. ರಾತ್ರಿ ಜೋರು ಮಳೆ ಬಂದರೂ ಅಷ್ಟೇ. 2018ರ ಆಗಸ್ಟ್‌ನಲ್ಲಿ ಇಲ್ಲಿಂದ ಸ್ವಲ್ಪವೇ ಮೇಲೆ ಜೋಡುಪಾಲದಲ್ಲಿ ಗುಡ್ಡ ಕುಸಿದದ್ದು ಈ ಊರಿನ ಯಾರಿಗೂ ಮರೆತಿಲ್ಲ. ಗುಡ್ಡೆ ಬುಡವನ್ನು ಜೇಸಿಬಿಯಲ್ಲಿ ಕಡಿದ ಜಾಗವಿದ್ದರೆ ನಾವು ಸುತ್ತು ಬಳಸಿಯೇ ಹೋಗುತ್ತೇವೆ.

ಉಂಬಳಕ್ಕೆ, ಅಂದರೆ ಜಿಗಣೆಗೆ, ಒಂದು ಮಾತು. ಈ ತಿಂಗಳಲ್ಲಿ ಅದು ಇಲ್ಲದ ಗುಡ್ಡೆ ಇಲ್ಲ. ಪ್ಯಾಂಟನ್ನು ಕಾಲುಚೀಲದ ಒಳಗೆ ಹಾಕಿ, ಚೀಲದ ಮೇಲೆ ತೆಂಗಿನೆಣ್ಣೆಗೆ ಉಪ್ಪು ಕಲಸಿ ಸವರಿಕೊಂಡೆವು. ತೋಡು (ಸಣ್ಣ ಹಳ್ಳ) ದಾಟಿದ ಮೇಲೆ ಮತ್ತೊಮ್ಮೆ ಸವರಬೇಕು. ಕಿಸೆಯಲ್ಲಿ ವೀಳ್ಯದೆಲೆಗೆ ಹಾಕುವ ಸುಣ್ಣದ ಡಬ್ಬಿ. ಕಚ್ಚಿದ್ದನ್ನು ಎಳೆದು ಕೀಳದೆ ಒಂದು ಚುಕ್ಕಿ ಸುಣ್ಣ ತಾಗಿಸಿದರೆ ತಾನೇ ಬಿಡುತ್ತದೆ.

ಆ ತಲೆದೀಪ ಒಬ್ಬ ಅಕ್ಕನದು. ಅರುವತ್ತರ ಹತ್ತಿರದ ವಯಸ್ಸು. ಮರದ ಪ್ಲಾಸ್ಟಿಕ್ ಲಂಗ ಎತ್ತುವುದು, ಪಟ್ಟೆಯ (ತೊಗಟೆಯ) ಮೇಲೆ ಒಣಗಿದ ಹಾಲಿನ ದಾರ ಕಿತ್ತು ಬುಟ್ಟಿಗೆ ಹಾಕುವುದು, ಕತ್ತಿ ಇಟ್ಟು ಎಡದಿಂದ ಬಲಕ್ಕೆ ಇಳಿಜಾರಾಗಿ ಎಳೆಯುವುದು, ಗೆರಟೆ ಸರಿ ಮಾಡುವುದು, ಮುಂದಿನ ಮರ. ಒಂದು ಮರಕ್ಕೆ ಅರ್ಧ ನಿಮಿಷ ಕೂಡ ಇಲ್ಲ. ಹೀಗೆ ಬೆಳಿಗ್ಗೆ ಮುನ್ನೂರು ಮರ. ಪ್ಲಾಸ್ಟಿಕ್ ಮಳೆಗಾಲಕ್ಕೆ ಮಾತ್ರ. ಗಾಯಕ್ಕೆ ನೀರು ಇಳಿದರೆ ಹಾಲೂ ಹಾಳು, ಪಟ್ಟೆಯೂ ಕೊಳೆಯುತ್ತದೆ.

"ಮಾತಾಡ್ತಾ ಬನ್ನಿ, ನಾನು ನಿಲ್ಲುದಿಲ್ಲ" ಅಂದರು. ನಾವು ಅವರ ಹಿಂದೆ ಸಾಲಿನಿಂದ ಸಾಲಿಗೆ ನಡೆದೆವು. ಆಗ ದಾರಿ ಕಂಡಿತು. ಸಾಲಿನ ತುದಿಯಲ್ಲಿ ಮಣ್ಣು ಸವೆದು ಮೆಟ್ಟಿಲಾಗಿತ್ತು. ಇಳಿಜಾರಿನಲ್ಲಿ ಕಡಿದ ಒಂದು ತಟ್ಟಿನಿಂದ ಮುಂದಿನ ತಟ್ಟಿಗೆ ಎಲ್ಲಿ ಕಾಲಿಡಬೇಕೋ ಅಲ್ಲೇ ಗಟ್ಟಿ. ಗುಂಡಿ ಯಾವುದೂ ದಾರಿಗೆ ಬರುವುದಿಲ್ಲ. ಅಂಕುಡೊಂಕು ಹತ್ತುವುದರಿಂದ ಉಸಿರೂ ಕಟ್ಟುವುದಿಲ್ಲ. ಹಾಲು ತುಂಬಿದ ಬಕೆಟ್ ಹಿಡಿದು ಇಳಿಯುವವರು ಮಾಡಿಕೊಂಡ ದಾರಿ ಅದು. ಅದಕ್ಕಿಂತ ಒಳ್ಳೆಯ ದಾರಿ ಯಾವ ಮ್ಯಾಪೂ ತೋರಿಸಲಾರದು.

ಯಾಕೆ ಇಷ್ಟು ಬೇಗ ಎಂದು ಗೆಳತಿ ಕೇಳಿದಳು. ಬೆಳಗಿನ ಜಾವ ತಂಪಿನಲ್ಲಿ ಮರದೊಳಗೆ ನೀರಿನ ಒತ್ತಡ ಜಾಸ್ತಿ, ಹಾಲು ಚೆನ್ನಾಗಿ ಹರಿಯುತ್ತದೆ. ಬಿಸಿಲೇರಿದ ಮೇಲೆ ಕಡಿಮೆ. ಕೊಯ್ಯುವ ಪಟ್ಟೆ ಒಂದೂವರೆ ಮಿಲಿಮೀಟರಿನಷ್ಟು ದಪ್ಪ. ಜಾಸ್ತಿ ಆಳಕ್ಕೆ ಹೋದರೆ ಕತ್ತಿ ಪಟ್ಟೆಯ ಒಳಗಿನ ಎಳೆಪೊರೆಗೆ ತಾಗಿ ಮರಕ್ಕೆ ಗಂಟು ಬರುತ್ತದೆ. ಹಾಲಿನ ನಾಳಗಳು ಮರದೊಳಗೆ ನೇರ ನಿಲ್ಲದೆ ಸ್ವಲ್ಪ ಬಲಕ್ಕೆ ಓರೆಯಾಗಿ ಏರುತ್ತವೆ. ಅದಕ್ಕೇ ಎಡಗಡೆ ಮೇಲೆ, ಬಲಗಡೆ ಕೆಳಗೆ ಬರುವಂತೆ ಕೊಯ್ಯುವುದು. ಹಾಗೆ ಕೊಯ್ದರೆ ಹೆಚ್ಚು ನಾಳ ಕತ್ತಿಗೆ ಸಿಗುತ್ತವೆ. ಅಕ್ಕನಿಗೆ ಈ ಲೆಕ್ಕ ಕೇಳಿದರೆ, "ಹಾಗೆ ಕೊಯ್ದರೆ ಹಾಲು ಬರ್ತದೆ" ಅಷ್ಟೇ ಉತ್ತರ. ಕೈಗೆ ಗೊತ್ತು.

ಅವರ ಕನ್ನಡದಲ್ಲಿ ತಮಿಳಿನ ಎಳೆ ಇತ್ತು. ಅಪ್ಪ ಅಮ್ಮ ಶ್ರೀಲಂಕಾದ ಚಹಾ ತೋಟದಲ್ಲಿದ್ದವರಂತೆ. 1964ರಲ್ಲಿ ಎರಡೂ ದೇಶದ ಪ್ರಧಾನಿಗಳಾದ ಲಾಲ್ ಬಹದ್ದೂರ್ ಶಾಸ್ತ್ರಿ ಮತ್ತು ಸಿರಿಮಾವೋ ಬಂಡಾರನಾಯಕೆ ಮಾಡಿಕೊಂಡ ಒಪ್ಪಂದದಿಂದ ಲಕ್ಷಗಟ್ಟಲೆ ತೋಟ ಕಾರ್ಮಿಕರು ಭಾರತಕ್ಕೆ ಬಂದರು. ಅವರಲ್ಲಿ ಒಂದಷ್ಟು ಕುಟುಂಬಗಳಿಗೆ ಕೆಲಸ ಕೊಡಲು ಸುಳ್ಯ, ಪುತ್ತೂರು ಕಡೆ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳು ಎದ್ದವು. ಇವರು ಅಂಥ ತೋಟದ ಕಾರ್ಮಿಕರ ಒಂದು ಲೈನ್ ಮನೆಯಲ್ಲಿ ಬೆಳೆದವರು. ಅಮ್ಮನ ಜೊತೆ ಗೆರಟೆ ತೊಳೆಯುತ್ತಾ ಕೆಲಸ ಕಲಿತದ್ದು. "ಹಡಗಿನಲ್ಲಿ ಬಂದದ್ದು ನೆನಪುಂಟು. ಊರು ನೆನಪಿಲ್ಲ" ಅಂದರು. ಅಷ್ಟು ಹೇಳುವಾಗಲೂ ಕತ್ತಿ ನಿಲ್ಲಲಿಲ್ಲ. ನಾನು ಮುಂದೆ ಏನೂ ಕೇಳಲಿಲ್ಲ.

ಎಂಟು ಗಂಟೆಗೆ ಬಿಸಿಲು ಎಲೆಗಳ ನಡುವೆ ಇಳಿಯಿತು. ಸ್ವಲ್ಪ ಹೊತ್ತಿನಲ್ಲಿ ಶುರುವಾಯಿತು ನೋಡಿ, ನಾನು ಈ ತಿಂಗಳನ್ನೇ ಆರಿಸಿದ್ದರ ಮುಖ್ಯ ಕಾರಣ. ಟಪ್. ಆ ಕಡೆ ಇನ್ನೊಂದು, ಟಪ್. ರಬ್ಬರ್ ಕಾಯಿ ಬಿಸಿಲಿಗೆ ಒಣಗಿ ಸಿಡಿಯುವ ಸದ್ದು. ಮೂರು ಭಾಗದ ಗಟ್ಟಿ ಕಾಯಿ, ಒಡೆದರೆ ಬೀಜ ಹತ್ತಾರು ಮಾರು ದೂರಕ್ಕೆ ಹಾರುತ್ತದೆ. ಎಲೆಗೆ ಬಡಿದು ಆಲಿಕಲ್ಲಿನ ಹಾಗೆ ಉದುರುತ್ತದೆ. ಐದೂ ಜನ ಸುಮ್ನೆ ನಿಂತು ಕೇಳಿದೆವು. ಕಂದು ಬಣ್ಣದ, ಚುಕ್ಕಿ ಚುಕ್ಕಿಯ ಆ ಬೀಜ ಬೆಂಗಳೂರಿನ ಗೆಳೆಯನ ಮಗಳಿಗೆ ಎಂದು ಒಂದು ಮುಷ್ಟಿ ಆರಿಸಿದೆವು. ಹಸಿಯಾಗಿ ಬಾಯಿಗೆ ಹಾಕಿದರೆ ವಿಷ ಎಂದೂ ಅವನಿಗೆ ಹೇಳಿದೆ.

ಮೇಲೆ ರಬ್ಬರ್ ಮುಗಿಯುವಲ್ಲಿ ಒಂದು ಪಾದೆಕಲ್ಲು. ಅದರಾಚೆ ರಕ್ಷಿತ ಅರಣ್ಯ. ನಾವು ಕಲ್ಲಿನ ಮೇಲೇ ನಿಂತೆವು. ಪೂರ್ವಕ್ಕೆ ಕೊಡಗಿನ ಬೆಟ್ಟಸಾಲು, ಮಂಜಿನಲ್ಲಿ ಅರ್ಧ. ಪಶ್ಚಿಮಕ್ಕೆ ಬೈಲು, ತೋಡು. ಅಲ್ಲಿಂದ ನೋಡಿದರೆ ಒಂದು ವಿಷಯ ಕಣ್ಣಿಗೆ ಹೊಡೆಯುತ್ತದೆ. ಕೆಳಗಿನ ಅಡಿಕೆ ತೋಟ ಎಲ್ಲ ಕಡೆ ಹಸಿರಿಲ್ಲ. ಅಲ್ಲಲ್ಲಿ ತೇಪೆ ಹಾಕಿದಂತೆ ಹಳದಿ. ಬಿಸಿಲಿನ ಬಣ್ಣ ಎಂದು ಗೆಳತಿ ಅಂದುಕೊಂಡಿದ್ದಳು. ಅದು ಹಳದಿ ಎಲೆ ರೋಗ. ಸಂಪಾಜೆ, ಅರಂತೋಡು ಕಡೆ ಎಷ್ಟೋ ಮನೆಯವರ ತೋಟ ತಿಂದು ಹಾಕಿದೆ. ಎಲೆ ಹಳದಿಯಾಗಿ, ಕಾಯಿ ಉದುರಿ, ಗೊನೆ ಸಣ್ಣದಾಗುತ್ತಾ ಬರುತ್ತದೆ. ಗುಣಪಡಿಸುವ ಮದ್ದಿಲ್ಲ. ಕೆಳಗೆ ತೋಟದಲ್ಲಿ ನಡೆಯುವಾಗ ಇದು ಇಷ್ಟು ಅಂತ ಗೊತ್ತಾಗುವುದಿಲ್ಲ. ಮೇಲಿಂದ ನೋಡಿದಾಗ ಹೊಟ್ಟೆಯೊಳಗೆ ಏನೋ ಆಯಿತು. ಆ ಮೂರು ಮನೆಯಲ್ಲಿ ಬೆಲ್ಲ ನೀರು ಕುಡಿದು ಬಂದಿದ್ದೆ ನಾನು.

ಇಳಿಯುವಾಗ ಎರಡನೆಯ ಮನೆಯ ಹಣ್ಣಿನ ತೋಟದಲ್ಲಿ ಹಾದು ಬಂದೆವು. ಅಡಿಕೆ ಹೋದ ಜಾಗದಲ್ಲಿ ಅವರು ರಂಬುಟಾನ್ ಹಾಕಿದ್ದಾರೆ, ನಡುವೆ ಕೆಲವು ಮ್ಯಾಂಗೋಸ್ಟೀನ್. ಇಡೀ ಮರಕ್ಕೆ ಬಲೆ. ಇಲ್ಲದಿದ್ದರೆ ರಾತ್ರಿ ಬಾವಲಿ, ಹಗಲು ಹಕ್ಕಿ. ರಂಬುಟಾನ್ ಕೊಯ್ದ ಮೇಲೆ ಹಣ್ಣಾಗುವುದಿಲ್ಲ, ಮರದಲ್ಲೇ ಪೂರ್ತಿ ಕೆಂಪಾಗಬೇಕು. ಹಾಗಾಗಿ ಕೊಯ್ದ ದಿನವೇ ಪೇಟೆ ಸೇರಬೇಕು. "ಅಡಿಕೆ ಆದರೆ ರೇಟು ಬರುವ ತನಕ ಅಟ್ಟದಲ್ಲಿ ಇಡಬಹುದಿತ್ತು. ಇದನ್ನು ಇಡ್ಲಿಕ್ಕಾಗುದಿಲ್ಲ" ಅಂದರು ಅಲ್ಲಿನ ಅತ್ತಿಗೆ. ಒಂದು ಬೆಳೆಯಿಂದ ಇನ್ನೊಂದಕ್ಕೆ ಹೋಗುವುದರ ಕಷ್ಟ ಆ ಎರಡು ಮಾತಿನಲ್ಲಿತ್ತು.

ಮ್ಯಾಂಗೋಸ್ಟೀನ್ ಮರದಲ್ಲಿ ಒಂದಷ್ಟು ಉಳಿದಿತ್ತು. ನಮ್ಮ ಪುನರ್ಪುಳಿಯ (ಕೋಕಂ) ಹತ್ತಿರದ ನೆಂಟ ಅದು. ಹಣ್ಣಿನ ಬುಡದಲ್ಲಿ ಸಣ್ಣ ಹೂವಿನಂಥ ಗುರುತು ಇರುತ್ತದೆ. ಅದರಲ್ಲಿ ಎಷ್ಟು ಎಸಳೋ ಒಳಗೆ ಅಷ್ಟೇ ತೊಳೆ. ಗೆಳೆಯ ನಂಬಲಿಲ್ಲ. ಆರು ಎಣಿಸಿ ಒಡೆದೆ, ಆರೇ ಇತ್ತು. ಸಿಪ್ಪೆಯ ಕಲೆ ಅವನ ಬಿಳಿ ಅಂಗಿಯಿಂದ ಹೋಗಲಿಲ್ಲ. ಹಣ್ಣಿನ ತೋಟಕ್ಕೆ ಹೋಗುವವರು ಹಳೆಯ ಬಟ್ಟೆ ಹಾಕಿಕೊಳ್ಳಿ.

ಅಲ್ಲಿ ತಿಂದದ್ದು ಬಿಟ್ಟು ಉಳಿದ ಹಣ್ಣನ್ನು ನಾವು ದುಡ್ಡು ಕೊಟ್ಟೇ ತಂದೆವು. ಮೊದಲು ಬೇಡ ಅಂದರು. ಕೊಡಲೇಬೇಕು ಎಂದು ನಾವು ಬರುವಾಗಲೇ ತೀರ್ಮಾನ ಮಾಡಿದ್ದೆವು. ತೋಟದವರ ಪ್ರೀತಿಗೆ ನೆಂಟರ ಹಾಗೆ ಕೂತು ತಿನ್ನಬಹುದು, ಆದರೆ ಚೀಲ ತುಂಬಿಸಿಕೊಂಡು ಬರಬಾರದು.

ಹನ್ನೊಂದಕ್ಕೆ ಕೆಳಗಿದ್ದೆವು. ಅಕ್ಕ ಆಗಲೇ ಹಾಲು ಸಂಗ್ರಹಿಸಿ, ಆಸಿಡ್ ಬೆರೆಸಿ, ತಟ್ಟೆಗಳಿಗೆ ಹೊಯ್ದು ಮುಗಿಸಿದ್ದರು. ಶೆಡ್ಡಿನಲ್ಲಿ ನಿನ್ನೆ ಹೊಯ್ದು ಗಟ್ಟಿಯಾದ ರಬ್ಬರ್ ಶೀಟುಗಳನ್ನು ಮಿಷನ್ನಿಗೆ ಕೊಟ್ಟು ಹಿಂಡುತ್ತಿದ್ದರು. ಗೆಳತಿ ಒಂದೆರಡು ಶೀಟಿಗೆ ಹಿಡಿ ತಿರುಗಿಸಿದಳು. ಮನೆಯ ಜಗಲಿಯಲ್ಲಿ ಪತ್ರೊಡೆ, ಬಿಸಿ ಕಾಫಿ ಸಿಕ್ಕಿತು. ಕಾಲುಚೀಲ ಬಿಚ್ಚಿ ನೋಡಿದರೆ ಐವರಲ್ಲಿ ಇಬ್ಬರಿಗೆ ಮಾತ್ರ ಉಂಬಳ ಹತ್ತಿತ್ತು. ತೋಡು ದಾಟಿದ ಮೇಲೆ ಎಣ್ಣೆ ಸವರದೆ ಬಂದವರು ಅವರಿಬ್ಬರೇ.

ಹೊರಡುವಾಗ ಅಣ್ಣ ಅಂದರು, "ಫೆಬ್ರವರಿಗೆ ಒಮ್ಮೆ ಬನ್ನಿ. ರಬ್ಬರ್ ಚಿಗುರುವಾಗ ಜೇನು ಪೆಟ್ಟಿಗೆ ಇಡ್ತೇವೆ." ರಬ್ಬರ್ ಜೇನು ಹೂವಿನದಲ್ಲ, ಎಳೆ ಎಲೆಯ ತೊಟ್ಟಿನಲ್ಲಿ ಒಸರುವ ರಸದ್ದು. ಹಳೆ ಎಲೆಯೆಲ್ಲ ಉದುರಿ ಇಡೀ ಗುಡ್ಡೆ ತಾಮ್ರದ ಬಣ್ಣಕ್ಕೆ ಚಿಗುರುವ ಆ ಹೊತ್ತನ್ನು ನಾನಿನ್ನೂ ಮೇಲಿನ ಕಲ್ಲಿನಿಂದ ನೋಡಿಲ್ಲ. ದಿನ ಗೊತ್ತು ಮಾಡಲು ಜನವರಿಯಲ್ಲಿ ಫೋನ್ ಮಾಡುತ್ತೇನೆ ಎಂದು ಹೇಳಿ ಬಂದಿದ್ದೇನೆ.