ಕರಿಯನಿಗೆ ಜೊತೆ ಬೇಕಾ? ಎರಡನೇ ನಾಯಿ ತರುವ ಮುಂಚೆ ನಾನು ಹಾಕಿದ ಲೆಕ್ಕ

"ಪಾಪ, ಒಂಟಿ ಕಣೇ ಅದು. ಇಡೀ ದಿನ ಗೇಟ್ ಹತ್ರ ಕೂತ್ಕೊಂಡು ಬೀದಿ ನೋಡ್ತಿರತ್ತೆ. ಇನ್ನೊಂದು ತಂದ್ಬಿಡಿ, ಜೊತೆಯಾಗತ್ತೆ."

ಇದನ್ನು ಮೊದಲು ಹೇಳಿದ್ದು ನಮ್ಮ ಅತ್ತೆ, 2022ರಲ್ಲಿ. ಆಮೇಲೆ ಮನೆಗೆ ಬಂದವರೆಲ್ಲ ಅದನ್ನೇ ಹೇಳಿದರು. ನಮ್ಮದು ಬೆಂಗಳೂರಿನ ಗಿರಿನಗರದಲ್ಲಿ ಮೊದಲ ಮಹಡಿಯ ಬಾಡಿಗೆ ಮನೆ. ಎರಡು ರೂಮು, ಒಂದು ಬಾಲ್ಕನಿ, ಮೆಟ್ಟಿಲ ತುದಿಯಲ್ಲಿ ಒಂದು ಕಬ್ಬಿಣದ ಗೇಟು. ಕರಿಯ ಬೀದಿ ಮರಿ. 2019ರ ಮಳೆಗಾಲದಲ್ಲಿ, ನಿಲ್ಲಿಸಿದ್ದ ಒಂದು ಓಮ್ನಿ ಕೆಳಗೆ ನೆನೆದುಕೊಂಡು ಕುಂಯ್‌ಗುಡುತ್ತಿದ್ದ. ಎತ್ತಿಕೊಂಡು ಬಂದೆ. ಆಗ ಯಾವ ಲೆಕ್ಕವನ್ನೂ ಹಾಕಿರಲಿಲ್ಲ. ಎರಡನೆಯದಕ್ಕೆ ಮಾತ್ರ ನೋಟ್‌ಬುಕ್ ಇಟ್ಟೆ. ನಾನು ಹೈಸ್ಕೂಲಿನಲ್ಲಿ ಗಣಿತ ಟೀಚರ್, ಬರೆಯದೆ ಇದ್ದರೆ ನನಗೆ ಯಾವುದೂ ತಲೆಗೆ ಹತ್ತುವುದಿಲ್ಲ.

ಮೊದಲು ಕೇಳಿಕೊಳ್ಳಬೇಕಾದ್ದು ಇದು: ಎರಡನೇ ನಾಯಿ ಯಾರಿಗೆ ಬೇಕು? ನನಗಾ, ಕರಿಯನಿಗಾ? ಕರಿಯ ಬೀದಿ ನೋಡುತ್ತಾನೆ ಅನ್ನುವುದು ಕಣ್ಣಿಗೆ ಕಂಡ ವಿಷಯ. ಒಂಟಿತನದಿಂದ ನೋಡುತ್ತಾನೆ ಅನ್ನುವುದು ನಾವು ಕಟ್ಟಿದ ಕಥೆ. ಹಾಗಾಗಿ ಎರಡು ವಾರ ಸುಮ್ನೆ ಒಂದು ಪ್ರಯೋಗ ಮಾಡಿದೆ. ಸಂಜೆ ವಾಕಿಂಗ್ ಇಪ್ಪತ್ತು ನಿಮಿಷ ಜಾಸ್ತಿ ಮಾಡಿದೆ. ಎಳೆದುಕೊಂಡು ಹೋಗದೆ, ಕಂಬ ಕಂಬ ಮೂಸಲು ಬಿಟ್ಟೆ. ಒಂದು ಹಳೇ ಟವಲಿನೊಳಗೆ ಊಟದ ಚೂರುಗಳನ್ನಿಟ್ಟು ಸುರುಳಿ ಸುತ್ತಿ ಗಂಟು ಹಾಕಿ ಕೊಟ್ಟೆ, ಬಿಚ್ಚಿಕೊಂಡು ತಿನ್ನಲಿ ಅಂತ. ಚಪ್ಪಲಿ ಕಡಿಯುವುದು ನಿಂತಿತು. ಮಧ್ಯಾಹ್ನದ ಬೊಗಳಾಟ ಅರ್ಧಕ್ಕೆ ಇಳಿಯಿತು ಅಂತ ಅತ್ತೆಯೇ ಹೇಳಿದರು. ಅಂದರೆ ಅವನಿಗೆ ಬೇಜಾರಾಗುತ್ತಿತ್ತು, ಅಷ್ಟೆ. ಅದಕ್ಕೆ ಇನ್ನೊಂದು ಪ್ರಾಣಿಯೇ ಬೇಕಾಗಿರಲಿಲ್ಲ.

ನಿಮ್ಮ ನಾಯಿ ನೀವು ಹೊರಗೆ ಹೋದ ತಕ್ಷಣ ಊಳಿಟ್ಟು ಬಾಗಿಲು ಪರಚುತ್ತದೆ ಅನ್ನುವುದಾದರೆ ಇನ್ನೂ ಹುಷಾರಾಗಿರಿ. ಅದು ಹುಡುಕುತ್ತಿರುವುದು ನಿಮ್ಮನ್ನು. ಎರಡನೇ ನಾಯಿ ತಂದರೆ ಎರಡೂ ಸೇರಿ ಊಳಿಡಲೂಬಹುದು.

ಆಮೇಲೆ, ಇರುವ ನಾಯಿಯ ಸ್ವಭಾವ. ಹಾಲಿನ ಬೂತ್ ಹತ್ತಿರದ ಕಪ್ಪು ಬಿಳಿ ನಾಯಿಯನ್ನು ಕಂಡರೆ ಕರಿಯ ಮುಂಗಾಲು ಚಾಚಿ, ಹಿಂಭಾಗ ಎತ್ತಿ ಆಟಕ್ಕೆ ಕರೆಯುತ್ತಾನೆ. ಅದೇ ನಾಯಿ ನಮ್ಮ ಮೆಟ್ಟಿಲಿನ ಹತ್ತಿರ ಬಂದರೆ ಬೇರೆಯದೇ ಕರಿಯ. ಬಾಯಿ ಮುಚ್ಚಿ, ಬಾಲ ಕೋಲಿನ ಹಾಗೆ ನಿಲ್ಲಿಸಿ, ಮೈಯೆಲ್ಲ ಬಿಗಿ ಮಾಡಿ ಓರೆಗಣ್ಣಲ್ಲಿ ನೋಡುತ್ತಾನೆ. ಕಣ್ಣಿನ ಬಿಳಿ ಕಾಣುತ್ತದೆ. ಇನ್ನೂ ಗುರ್ ಅಂದಿರುವುದಿಲ್ಲ, ಆದರೆ ಅದು ಗುರ್ ಅನ್ನುವ ಮುಂಚಿನ ಮಾತು. "ನಮ್ ನಾಯಿ ಎಲ್ಲಾ ನಾಯಿ ಜೊತೆ ಫ್ರೆಂಡ್ಲಿ" ಅನ್ನುವವರು ಬೀದಿಯಲ್ಲಿ ನೋಡಿರುತ್ತಾರೆ, ಮನೆ ಬಾಗಿಲಲ್ಲಿ ನೋಡಿರುವುದಿಲ್ಲ.

ಮನೆಯೊಳಗೆ ನೋಡುವುದು ಹೇಗೆ? ಒಂದು ನಾಯಿಯನ್ನು ಸಾಲ ತನ್ನಿ. ನಿಜವಾಗಿ ಹೇಳುತ್ತಿದ್ದೇನೆ, ಇದಕ್ಕಿಂತ ಒಳ್ಳೆಯ ದಾರಿ ನನಗೆ ಸಿಕ್ಕಿಲ್ಲ. ನಮ್ಮ ಸ್ಟಾಫ್ ರೂಮಿನ ಒಬ್ಬ ಮಿಸ್ ತಂಗಿ ಮದುವೆಗೆ ಶಿರಸಿಗೆ ಹೊರಟಿದ್ದರು. ಅವರ ಬ್ರೌನಿಯನ್ನು ಹತ್ತು ದಿನ ನಾನು ಇಟ್ಟುಕೊಳ್ಳುತ್ತೇನೆ ಅಂದೆ. ಲ್ಯಾಬ್ರಡಾರ್ ಬೆರಕೆ, ನಾಲ್ಕು ವರ್ಷದ ಹೆಣ್ಣು, ಬಲು ಸಾಧು.

ಮೊದಲ ಎರಡು ದಿನ ಇಬ್ಬರೂ ನೆಂಟರ ಹಾಗೆ ಇದ್ದರು. ಅತ್ತೆ ಫೋನಿನಲ್ಲಿ ಎಲ್ಲರಿಗೂ ವರದಿ ಒಪ್ಪಿಸಿದರು, "ಅಣ್ಣ ತಂಗಿ ತರ ಇದ್ದಾವೆ" ಅಂತ. ಮೂರನೇ ದಿನ ಬ್ರೌನಿ ಮಂಚದ ಕೆಳಗೆ ಮೂಗು ತೂರಿಸಿದಳು. ಅಲ್ಲಿ ಕರಿಯ ಯಾವ ಕಾಲದಲ್ಲೋ ಬಚ್ಚಿಟ್ಟಿದ್ದ ಒಂದು ಒಣಗಿದ ಚಪಾತಿ ಚೂರು. ನನಗೇ ಗೊತ್ತಿರಲಿಲ್ಲ ಅದು ಅಲ್ಲಿದೆ ಅಂತ. ಮುಂದಿನದು ಐದೇ ಸೆಕೆಂಡು. ಮಂಚ ಅಲುಗಾಡಿತು, ಅತ್ತೆ ಕಿರುಚಿದರು, ನಾನು ಬುದ್ಧಿ ಇಲ್ಲದೆ ಮಧ್ಯ ಕೈ ಹಾಕಿದೆ. ಹೆಬ್ಬೆರಳಿಗೆ ಹಲ್ಲು ಇಳಿಯಿತು. ಯಾರ ಹಲ್ಲು ಅಂತ ಇವತ್ತಿಗೂ ಗೊತ್ತಿಲ್ಲ. ಕೊನೆಗೆ ಅವರಿಬ್ಬರನ್ನು ಬಿಡಿಸಿದ್ದು ಅತ್ತೆಯ ಕೈಯಿಂದ ಜಾರಿ ಮೊಸಾಯಿಕ್ ನೆಲಕ್ಕೆ ಬಿದ್ದ ಸ್ಟೀಲ್ ತಟ್ಟೆಯ ಸದ್ದು.

ನಾಯಿಗಳು ಕಚ್ಚಾಡಿದರೆ ಕೈ ಹಾಕಬೇಡಿ, ಬೆಲ್ಟ್ ಹಿಡಿದು ಎಳೆಯಬೇಡಿ. ತಟ್ಟೆ ಬಡಿಯಿರಿ, ಮೇಲೆ ಬೆಡ್‌ಶೀಟ್ ಎಸೆಯಿರಿ, ಮಧ್ಯಕ್ಕೆ ಕುರ್ಚಿ ತಳ್ಳಿ. ಕಚ್ಚಿಸಿಕೊಂಡರೆ ಗಾಯವನ್ನು ಸೋಪು ಹಾಕಿ, ಹರಿಯುವ ನೀರಲ್ಲಿ ಹದಿನೈದು ನಿಮಿಷ ತೊಳೆಯಿರಿ. ಆಮೇಲೆ ಅವತ್ತೇ ಡಾಕ್ಟರಿಗೆ ತೋರಿಸಿ. ಎರಡು ನಾಯಿಗಳಿಗೂ ರೇಬೀಸ್ ಇಂಜೆಕ್ಷನ್ ಆಗಿತ್ತು, ಆದರೂ ನನಗೆ ಇಂಜೆಕ್ಷನ್ ಕೊಟ್ಟರು. ನಮ್ಮ ಮನೆ ನಾಯಿ ತಾನೇ ಅಂತ ಉದಾಸೀನ ಮಾಡುವ ವಿಷಯ ಅಲ್ಲ ಇದು.

ಇಷ್ಟಾದರೂ ಬೇಡ ಅಂತ ತೀರ್ಮಾನ ಮಾಡಿದ್ದು ಈ ಜಗಳದಿಂದಲ್ಲ. ಊಟದ ಜಾಗ ಬೇರೆ ಮಾಡಿದ ಮೇಲೆ ಉಳಿದ ಏಳು ದಿನ ಶಾಂತವಾಗಿಯೇ ಕಳೆದವು. ತೀರ್ಮಾನ ಆಗಿದ್ದು ನೋಟ್‌ಬುಕ್ಕಿನ ಸಮಯದ ಕಾಲಮ್ಮಿನಲ್ಲಿ. ಇಬ್ಬರನ್ನೂ ಒಟ್ಟಿಗೆ ವಾಕಿಂಗ್ ಕರೆದುಕೊಂಡು ಹೋದರೆ ಒಬ್ಬ ಎಡಕ್ಕೆ, ಒಬ್ಬಳು ಬಲಕ್ಕೆ. ಮುಂದೆ ಬೀದಿ ನಾಯಿಗಳ ಗುಂಪು ಬಂದರೆ ಎರಡು ಹಗ್ಗ ಹಿಡಿದ ಒಬ್ಬ ಹೆಂಗಸು ಏನು ಮಾಡಬೇಕು? ಹಾಗಾಗಿ ಬೇರೆ ಬೇರೆ ಹೋಗಬೇಕಾಯಿತು. ಬೆಳಗ್ಗೆ 5.40ಕ್ಕೆ ಕರಿಯ, 6.20ಕ್ಕೆ ಬ್ರೌನಿ, 7 ಗಂಟೆಗೆ ಕುಕ್ಕರ್, 8.10ಕ್ಕೆ ಬಸ್ಸು. ನಮ್ಮ ಯಜಮಾನರು ಆಗ ಬಿಎಂಟಿಸಿಯಲ್ಲಿ ಮೊದಲ ಶಿಫ್ಟು, ನಾಲ್ಕೂವರೆಗೇ ಮನೆ ಬಿಡುತ್ತಿದ್ದರು. ಎಂಟನೇ ದಿನ ನಾನು ಒಂಬತ್ತನೇ ಕ್ಲಾಸಿನ ಬೋರ್ಡ್ ಮುಂದೆ ನಿಂತು ಆಕಳಿಸಿದೆ. ಒಬ್ಬ ಹುಡುಗ ಎಣಿಸುತ್ತಿದ್ದನಂತೆ, ಹನ್ನೊಂದು ಸಲ.

ನಿಮ್ಮ ಮನೆಯಲ್ಲೂ ಈ ಕಾಲಮ್ ಬರೆಯಿರಿ. ಇಬ್ಬರಿಗೂ ಸೇರಿಸಿ ಎಷ್ಟು ಹೊತ್ತು ಅಂತ ಅಲ್ಲ. ಒಂದೊಂದಕ್ಕೂ ಪ್ರತ್ಯೇಕವಾಗಿ ಎಷ್ಟು ಹೊತ್ತು ಕೊಡಬಹುದು ಅಂತ ಬರೆಯಿರಿ. ನನಗಂತೂ ಇದೊಂದೇ ಪ್ರಶ್ನೆ ಸಾಕಾಯಿತು.

ದುಡ್ಡಿನ ಕಾಲಮ್ಮಿನಲ್ಲಿ ಊಟ ಹೆಚ್ಚುಕಡಿಮೆ ಡಬಲ್. ಅನ್ನ, ರಾಗಿ ಗಂಜಿ, ಬೇಯಿಸಿ ಮೂಳೆ ತೆಗೆದ ಕೋಳಿ, ನಮ್ಮಲ್ಲಿ ಇಷ್ಟೇ. ಸಾಂಬಾರು ಮಿಕ್ಕಿದೆ ಅಂತ ಹಾಕಬೇಡಿ, ಈರುಳ್ಳಿ ನಾಯಿಗೆ ವಿಷ. ಲೆಕ್ಕ ತಪ್ಪುವುದು ಕಾಯಿಲೆಯಲ್ಲಿ. ಬೆಂಗಳೂರಿನಲ್ಲಿ ರಕ್ತ ಹೀರುವ ಉಣ್ಣೆ ಹುಳುಗಳ ಕಾಟ ಹೆಚ್ಚು. ಒಂದಕ್ಕೆ ಉಣ್ಣೆ ಜ್ವರ ಬಂದರೆ ಇನ್ನೊಂದರ ರಕ್ತವನ್ನೂ ಪರೀಕ್ಷೆ ಮಾಡಿಸಬೇಕು, ಮನೆಯ ಮೂಲೆಮೂಲೆಗೂ ಔಷಧಿ ಹೊಡೆಸಬೇಕು. ಬಿಲ್ಲುಗಳು ಜೋಡಿಯಾಗಿಯೇ ಬರುತ್ತವೆ. ಖರ್ಚು ಭಾರ ಅನಿಸಿದರೆ ಕ್ವೀನ್ಸ್ ರಸ್ತೆಯ ಸರ್ಕಾರಿ ಪಶು ಆಸ್ಪತ್ರೆ ಇದೆ, ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ಅರ್ಧ ದಿನ ರಜ ಹಾಕಿಯೇ ಹೋಗಿ.

ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ. ನೀವು ಊರಿಗೆ ಹೋದಾಗ ನಾಯಿ ನೋಡಿಕೊಳ್ಳುವವರು ಯಾರು? ಅವರನ್ನು ಮೊದಲೇ ಕೇಳಿ. ನಮಗೆ ಮಂಡ್ಯದಲ್ಲಿ ನನ್ನ ಅಮ್ಮ ಇದ್ದಾರೆ. ಫೋನ್ ಮಾಡಿ ಕೇಳಿದೆ. "ಒಂದು ತಂದ್ ಬಿಡು, ಬೇಡ ಅನ್ನಲ್ಲ. ಎರಡು ನನ್ ಕೈಲಾಗಲ್ಲ ಮಗಾ" ಅಂದರು. ಅದನ್ನೂ ನೋಟ್‌ಬುಕ್ಕಿನಲ್ಲಿ ಬರೆದೆ. 2022ರಲ್ಲಿ ಉತ್ತರ: ಈಗ ಬೇಡ. ಅತ್ತೆ ಒಂದು ವಾರ ಮುಖ ದಪ್ಪ ಮಾಡಿಕೊಂಡಿದ್ದರು.

ಬಾಡಿಗೆ ಮನೆಯವರು ಓನರ್ ಹತ್ತಿರ ಮಾತಾಡಿಕೊಳ್ಳಿ. ಅಪಾರ್ಟ್‌ಮೆಂಟ್ ಸಂಘದವರು ನಾಯಿ ಸಾಕಲೇಬಾರದು ಅಂತ ನಿಷೇಧ ಹಾಕುವಂತಿಲ್ಲ, ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿಯಲ್ಲಿ ಅದು ಇದೆ. 2018ರಲ್ಲಿ ಬಿಬಿಎಂಪಿ ಫ್ಲ್ಯಾಟಿಗೆ ಒಂದೇ ನಾಯಿ ಅಂತ ನಿಯಮ ತಂದು, ಗಲಾಟೆಯಾದ ಮೇಲೆ ಹಿಂದಕ್ಕೆ ತೆಗೆದುಕೊಂಡಿತ್ತು. ಆದರೆ ಬಾಡಿಗೆ ಕರಾರು ಬೇರೆ ವಿಷಯ. ಕೆಳಗಿನ ಮನೆಯ ಓನರ್ ಅಂಕಲ್ "ಒಂದು ಅಂದಿದ್ರಿ ಅಲ್ವಾ ಮೇಡಂ?" ಅಂದಾಗ ಮಾರ್ಗಸೂಚಿ ತೋರಿಸಿದರೆ ಮನೆ ಉಳಿಯುತ್ತಾ? ಬಿಬಿಎಂಪಿ ಇದ್ದಾಗ ಒಂದು ನಾಯಿಯ ಲೈಸೆನ್ಸಿಗೆ ವರ್ಷಕ್ಕೆ 110 ರೂಪಾಯಿ ಇತ್ತು. ಈಗ ಪಾಲಿಕೆಗಳು ಐದಾಗಿವೆ, ನಿಮ್ಮದು ಯಾವುದು ಅಂತ ನೋಡಿಕೊಂಡು ಎರಡಕ್ಕೂ ಮಾಡಿಸಿ.

2024ಕ್ಕೆ ಯಜಮಾನರಿಗೆ ಡಿಪೋದಲ್ಲಿ ಹಗಲು ಕೆಲಸ ಸಿಕ್ಕಿತು. ಬೆಳಗ್ಗೆ ಎರಡು ಹಗ್ಗಕ್ಕೆ ಇಬ್ಬರು ಮನುಷ್ಯರಾದೆವು. ಸಮಯದ ಕಾಲಮ್ ಸರಿಹೋಯಿತು. ಕರಿಯನಿಗೆ ಐದು ವರ್ಷ, ಕರೆದರೆ ಬರುತ್ತಾನೆ, ಬಿಡು ಅಂದರೆ ಬಿಡುತ್ತಾನೆ. ಇರುವ ನಾಯಿ ಇಷ್ಟಾದರೂ ಕಲಿಯದೆ ಎರಡನೆಯದನ್ನು ತರಲೇಬೇಡಿ. ಒಳ್ಳೆಯದನ್ನು ಕಲಿಯದಿದ್ದರೂ ಕೆಟ್ಟದ್ದನ್ನು ಒಂದರಿಂದೊಂದು ಬೇಗ ಕಲಿಯುತ್ತವೆ.

ಯಾವ ನಾಯಿ ತರಬೇಕು? ನಾನು ಮರಿ ಬೇಡ ಅಂದೆ. ಹತ್ತು ವರ್ಷದ ಮುದಿ ನಾಯಿ ಇರುವ ಮನೆಗಂತೂ ಮರಿ ತರುವುದು ಪಾಪದ ಕೆಲಸ. ಎರಡು ಮರಿಗಳನ್ನು ಒಟ್ಟಿಗೆ ತರಲೂಬೇಡಿ, ಒಂದಕ್ಕೊಂದು ಅಂಟಿಕೊಂಡು ನಿಮ್ಮ ಮಾತು ಕೇಳುವುದಿಲ್ಲ. ಇರುವುದು ಗಂಡಾದರೆ ಹೆಣ್ಣು, ಹೆಣ್ಣಾದರೆ ಗಂಡು, ಎರಡಕ್ಕೂ ಆಪರೇಷನ್ ಆಗಿರಲಿ. ಆಪರೇಷನ್ ಆಗದ ಹೆಣ್ಣು ಸುಮಾರು ಆರು ತಿಂಗಳಿಗೊಮ್ಮೆ ಬೆದೆಗೆ ಬರುತ್ತದೆ, ಸ್ವಲ್ಪ ಮೈಮರೆತರೆ ಒಂಬತ್ತು ವಾರಕ್ಕೆ ಮನೆ ತುಂಬ ಮರಿ. ಜಗಳಕ್ಕೆ ನಿಂತರೆ ಎರಡು ಹೆಣ್ಣುಗಳದ್ದೇ ಕೆಟ್ಟ ಜಗಳ, ಬೇಗ ಮರೆಯುವುದಿಲ್ಲ. ತಳಿಯನ್ನೂ ಯೋಚಿಸಿ. ನಮ್ಮ ಹಿಂದಿನ ಬೀದಿಯಲ್ಲಿ ತರ್ಟಿ ಫಾರ್ಟಿ ಸೈಟಿನ ಮನೆಗೆ ಮುಧೋಳ ತಂದಿದ್ದಾರೆ. ಮೊಲ ಅಟ್ಟಿಸಿಕೊಂಡು ಬಯಲಲ್ಲಿ ಓಡಬೇಕಾದ ನಾಯಿ, ತಾರಸಿಯಲ್ಲಿ ಸಿಂಟೆಕ್ಸ್ ಟ್ಯಾಂಕು ಸುತ್ತುತ್ತಿರುತ್ತದೆ.

ನಾವು ತಂದಿದ್ದು ದತ್ತು ಶಿಬಿರದಿಂದ, ಮೂರು ವರ್ಷದ ಬೀದಿ ಹೆಣ್ಣು. ಎರಡು ವಾರ ಇಟ್ಟುಕೊಂಡು ನೋಡುತ್ತೇವೆ, ಹೊಂದದಿದ್ದರೆ ವಾಪಸ್ ತರುತ್ತೇವೆ ಅಂತ ಮೊದಲೇ ಹೇಳಿದೆವು. ಒಪ್ಪಿದರು. ಈ ಮಾತು ಕೇಳಲು ನಾಚಿಕೆ ಪಡಬೇಡಿ. ಗೌರಿ ಹಬ್ಬದ ವಾರ ಬಂದಿದ್ದಕ್ಕೆ ಗೌರಿ ಅಂತ ಹೆಸರು. ಆ ವಾರ ತಂದಿದ್ದೇ ತಪ್ಪು. ಗಣೇಶ ಬಿಡುವ ರಾತ್ರಿ ತಮಟೆ, ಪಟಾಕಿ. ಗೌರಿ ವಾಷಿಂಗ್ ಮೆಷಿನ್ ಹಿಂದೆ ಸೇರಿಕೊಂಡವಳು ಬೆಳಗಿನ ತನಕ ಬರಲಿಲ್ಲ. ಕರಿಯ ಹೋಗಿ ಸಮಾಧಾನ ಮಾಡಿದ ಅಂತ ಬರೆಯಲು ಆಸೆ, ಆದರೆ ಅವನು ಅಡುಗೆಮನೆ ಬಾಗಿಲಲ್ಲಿ ಟವಲ್ ಗಂಟು ಕಡಿಯುತ್ತಾ ಮಲಗಿದ್ದ. ಗಣೇಶನಿಂದ ದೀಪಾವಳಿ ತನಕ ಹೊಸ ನಾಯಿ ತರಬೇಡಿ.

ಮೊದಲ ಭೇಟಿ ನಮ್ಮ ಬೀದಿಯಲ್ಲಿ ಮಾಡಿಸಲಿಲ್ಲ. ಎರಡು ಬೀದಿ ಆಚೆ, ಬೆಳಗ್ಗೆ ಆರಕ್ಕೆ. ರಸ್ತೆಯ ಈ ಬದಿ ಯಜಮಾನರು ಕರಿಯನ ಜೊತೆ, ಆ ಬದಿ ನಾನು ಗೌರಿಯ ಜೊತೆ, ಒಂದೇ ದಿಕ್ಕಿಗೆ ನಡೆದೆವು. ಎದುರುಬದುರು ನಿಲ್ಲಿಸಲಿಲ್ಲ. ಮುಕ್ಕಾಲು ಗಂಟೆಯಲ್ಲಿ ನಿಧಾನವಾಗಿ ಹತ್ತಿರ ಬಂದೆವು, ಹಿಂದೆ ಮುಂದೆ ಮೂಸಿಕೊಂಡರು, ಒಟ್ಟಿಗೇ ಮೆಟ್ಟಿಲು ಹತ್ತಿದೆವು. ಅಷ್ಟರಲ್ಲಿ ಅತ್ತೆ ತಟ್ಟೆ, ಆಟದ ಸಾಮಾನು ಎಲ್ಲ ಎತ್ತಿಟ್ಟಿದ್ದರು. ಮಂಚದ ಕೆಳಗೆ ಎರಡು ಸಲ ಗುಡಿಸಿದ್ದೆ. ನೀವು ಮರಿ ತರುವುದಾದರೆ ಇಂಜೆಕ್ಷನ್ ಪೂರ್ತಿ ಆಗುವ ತನಕ ಹೀಗೆ ಬೀದಿಗೆ ಇಳಿಸಬೇಡಿ, ಮರಿಗಳಿಗೆ ವಾಂತಿ ಭೇದಿ ತರುವ ಪಾರ್ವೋ ರೋಗದ ವೈರಸ್ ನೆಲದಲ್ಲೇ ತಿಂಗಳುಗಟ್ಟಲೆ ಬದುಕಿರುತ್ತದೆ.

ಈಗಲೂ ಊಟ ಬೇರೆ ಬೇರೆಯೇ. ಕರಿಯನಿಗೆ ಬಾಲ್ಕನಿಯಲ್ಲಿ, ಗೌರಿಗೆ ರೂಮಿನಲ್ಲಿ. ಎರಡು ತಟ್ಟೆಯನ್ನೂ ಎತ್ತಿ ಸಿಂಕಿಗೆ ಹಾಕಿದ ಮೇಲೆಯೇ ಬಾಗಿಲು ತೆಗೆಯುವುದು. ಅಮ್ಮ ಎರಡನ್ನೂ ಇಟ್ಟುಕೊಳ್ಳಲು ಒಪ್ಪಿದ್ದಾರೆ, ನಾಲ್ಕು ದಿನಕ್ಕೆ ಮಾತ್ರ. ಹಾಗಾಗಿ ನಮ್ಮ ಪ್ರವಾಸಗಳೂ ನಾಲ್ಕೇ ದಿನ.

ಸಂಜೆ ನಾನು ಸ್ಕೂಲಿಂದ ಬರುವ ಹೊತ್ತಿಗೆ ಗೌರಿ ಒಳಗೆ ಸೋಫಾ ಮೇಲೆ ಗೊರಕೆ ಹೊಡೆಯುತ್ತಿರುತ್ತಾಳೆ. ಕರಿಯ ಮಾತ್ರ ಅದೇ ಗೇಟಿನ ಹತ್ತಿರ, ಸರಳುಗಳ ಮಧ್ಯೆ ಮೂಗು ತೂರಿಸಿಕೊಂಡು ಬೀದಿ ನೋಡುತ್ತಿರುತ್ತಾನೆ. ಮೊನ್ನೆ ಅತ್ತೆಗೆ ತೋರಿಸಿದೆ. ಸ್ವಲ್ಪ ಹೊತ್ತು ನೋಡಿ, "ಅದಕ್ಕೆ ಅದೇ ಟಿವಿ ಕಣೇ" ಅಂದರು.